ಮೆಡಿಕಲ್ ಇಂಟರ್‌ವ್ಯೂ ಮಾಕ್ ಸರ್ಕೀಟ್: ನಡುಕಕ್ಕೆ ಒಳ್ಳೆಯದು, ಉತ್ತರಕ್ಕಲ್ಲ (5ಕ್ಕೆ 4)

ಮೊದಲೇ ಹೇಳಿಬಿಡುತ್ತೇನೆ. ಇದು ಮೆಡಿಕಲ್ ಕಾಲೇಜಿನ ಇಂಟರ್‌ವ್ಯೂಗೆ ಮೊದಲೇ ಮಾಕ್, ಅಂದರೆ ಅಣಕು ಇಂಟರ್‌ವ್ಯೂ ಮಾಡಿ ಅಭ್ಯಾಸ ಮಾಡಿಸುವ ಸೇವೆ. ಏನು ಹೇಳಬೇಕು ಅಂತ ಗೊತ್ತಿದ್ದೂ ಇಂಟರ್‌ವ್ಯೂನಲ್ಲಿ ಕೂತಾಗ ದನಿಯೇ ಹೊರಡದವರಿಗೆ ಇದು ತುಂಬಾ ಉಪಯೋಗ. ಯಾರಾದರೂ ಒಳ್ಳೆಯ ಉತ್ತರ ಬರೆದುಕೊಡಲಿ, ಬಾಯಿಪಾಠ ಮಾಡಿಕೊಂಡು ಹೋಗೋಣ ಅನ್ನುವವರಿಗೆ ಇದರಿಂದ ತೊಂದರೆಯೇ ಜಾಸ್ತಿ. ನಾನು ಮೊದಲನೇ ಗುಂಪಿನವಳು. ಅದಕ್ಕೇ ನಾಲ್ಕು ನಕ್ಷತ್ರ. ಒಂದನ್ನು ಯಾಕೆ ಕಡಿಮೆ ಮಾಡಿದೆ ಅನ್ನುವುದನ್ನೂ ಬರೆಯುತ್ತೇನೆ, ಯಾಕೆಂದರೆ ಅದು ಸಣ್ಣ ವಿಷಯವಲ್ಲ.

ನಾನು ಆಸ್ಪತ್ರೆಯ ಲ್ಯಾಬ್‌ನಲ್ಲಿ ರಕ್ತ ತೆಗೆಯುವ ಕೆಲಸ ಮಾಡುತ್ತೇನೆ. ದಿನವಿಡೀ ಹೆದರಿದವರನ್ನೇ ನೋಡುತ್ತೇನೆ. ಸೂಜಿ ಕಂಡು ಮುಖ ತಿರುಗಿಸುವವರು, ಭಯ ಮುಚ್ಚಿಡಲು ಬಿಡದೆ ಮಾತಾಡುವವರು, ಸುಮ್ನೆ ಕೂತು ಬೆವರುವವರು. ಅವರ ಕೈ ಮುಟ್ಟಿದರೆ ತಣ್ಣಗಿರುತ್ತದೆ. ಹೆದರಿಕೆಯಾದಾಗ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ, ಚರ್ಮದ ರಕ್ತನಾಳಗಳು ಕುಗ್ಗುತ್ತವೆ. ಕೈ ತಣ್ಣಗಾಗುವುದು ಅದರಿಂದಲೇ. ನರ ಸಿಗದೆ ನಾವು ಪರದಾಡುವುದೂ ಎಷ್ಟೋ ಸಲ ಅದರಿಂದಲೇ. ಇಂಟರ್‌ವ್ಯೂಗೆ ಕರೆ ಬಂದ ಮೇಲೆ ನನ್ನ ಕೈಗಳೂ ಹಾಗೇ ಆಗತೊಡಗಿದವು. ಮೇಲ್ ತೆರೆದು ದಿನಾಂಕ ನೋಡಿದರೆ ಸಾಕು, ಬೆರಳು ತಣ್ಣಗೆ, ಬಾಯಿ ಒಣಗಿ, ಹೊಟ್ಟೆಯೊಳಗೆ ಏನೋ ಕಲಸಿದ ಹಾಗೆ.

ಮೌಖಿಕ ಪರೀಕ್ಷೆ ಅಂದರೆ ನನಗೆ ಮೊದಲಿಂದಲೂ ಹೀಗೆ. ಬರೆಯುವ ಪರೀಕ್ಷೆಯಲ್ಲಿ ಏನೂ ಆಗುವುದಿಲ್ಲ. ಎದುರಿಗೆ ಒಬ್ಬರು ಕೂತು ನನ್ನನ್ನೇ ನೋಡುತ್ತಿದ್ದರೆ ಮಾತ್ರ ದನಿ ತೆಳ್ಳಗಾಗುತ್ತದೆ, ವಾಕ್ಯ ಅರ್ಧಕ್ಕೆ ನಿಲ್ಲುತ್ತದೆ. ಹಾಗಾಗಿ ನಾನು ಹುಡುಕಿದ್ದು ಪಾಠ ಮಾಡುವ ಕೋಚಿಂಗ್ ಅಲ್ಲ. ನನ್ನನ್ನು ಎದುರು ಕೂರಿಸಿಕೊಂಡು ನೋಡುವ ಜನ ಬೇಕಾಗಿತ್ತು. ಅದಕ್ಕೇ ಇವರ ಪೂರ್ತಿ ಸರ್ಕೀಟ್ ಪ್ಯಾಕೇಜ್ ತಗೊಂಡೆ.

ಸರ್ಕೀಟ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಈಗ ಎಷ್ಟೋ ಮೆಡಿಕಲ್ ಕಾಲೇಜುಗಳು ಒಂದೇ ದೊಡ್ಡ ಇಂಟರ್‌ವ್ಯೂ ಮಾಡುವುದಿಲ್ಲ. ಮಲ್ಟಿಪಲ್ ಮಿನಿ ಇಂಟರ್‌ವ್ಯೂ ಅಂತ ಮಾಡುತ್ತವೆ. ಎಲ್ಲರೂ ಎಂಎಂಐ ಅನ್ನುತ್ತಾರೆ. ಸಾಲಾಗಿ ಸಣ್ಣ ಸಣ್ಣ ಸ್ಟೇಷನ್‌ಗಳು. ಬಾಗಿಲ ಹೊರಗೆ ಪ್ರಶ್ನೆ ಓದಲು ಒಂದೆರಡು ನಿಮಿಷ, ಒಳಗೆ ಕೆಲವೇ ನಿಮಿಷ ಮಾತು, ಗಂಟೆ ಹೊಡೆದ ಕೂಡಲೇ ಮುಂದಿನ ಕೋಣೆ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಈ ಪದ್ಧತಿ ರೂಪಿಸಿ 2004ರಲ್ಲಿ ಅದರ ಬಗ್ಗೆ ಪ್ರಬಂಧ ಪ್ರಕಟಿಸಿದರು. ವೈದ್ಯ ವಿದ್ಯಾರ್ಥಿಗಳ ಕ್ಲಿನಿಕಲ್ ಪರೀಕ್ಷೆಗೆ 1975ರಿಂದಲೇ ಇದ್ದ ಓಸ್ಕಿ ಅನ್ನುವ ಸ್ಟೇಷನ್ ಪದ್ಧತಿ ಅದಕ್ಕೆ ಮಾದರಿ. ಒಬ್ಬರೇ ಪರೀಕ್ಷಕರು ಒಂದೇ ಸಲ ನೋಡಿ ತೀರ್ಮಾನಿಸಿದರೆ ಅದು ಅವರ ಆ ದಿನದ ಅನಿಸಿಕೆಯ ಮೇಲೆ ನಿಂತುಬಿಡುತ್ತದೆ. ಹಲವರು ಹಲವು ಸಲ ನೋಡಿದರೆ ಆ ಏರುಪೇರು ಕಡಿಮೆಯಾಗುತ್ತದೆ ಅನ್ನುವುದು ಅದರ ಹಿಂದಿನ ಯೋಚನೆ. ಈ ಯೋಚನೆಯಲ್ಲೇ ನಡುಕಕ್ಕೆ ಒಂದು ಔಷಧಿಯೂ ಇದೆ. ನನಗೆ ಅದು ಹೊಳೆದದ್ದು ಸರ್ಕೀಟ್ ಮಾಡಿದ ಮೇಲೆ. ಮುಂದೆ ಹೇಳುತ್ತೇನೆ.

ಇವರ ಪ್ಯಾಕೇಜ್‌ನಲ್ಲಿ 8 ಸ್ಟೇಷನ್. ಎಲ್ಲವೂ ವಿಡಿಯೊ ಕರೆಯಲ್ಲಿ. ಪ್ರಶ್ನೆ ಪರದೆಯ ಮೇಲೆ 2 ನಿಮಿಷ ಇರುತ್ತದೆ, ಮಾತಿಗೆ 7 ನಿಮಿಷ. ಪ್ರತಿ ಸ್ಟೇಷನ್‌ನಲ್ಲೂ ಬೇರೆ ಬೇರೆ ಜನ. ಸಮಯ ಮುಗಿದರೆ ವಾಕ್ಯದ ನಡುವೆಯೇ ಕರೆ ಕಡಿದುಹೋಗುತ್ತದೆ. ಅದರ ಬಗ್ಗೆ ಹಲವರು ದೂರಿರುವುದನ್ನು ಇಲ್ಲಿನ ಬೇರೆ ವಿಮರ್ಶೆಗಳಲ್ಲಿ ಓದಿದೆ. ನನಗೆ ಅದು ಸರಿ ಅನ್ನಿಸಿತು. ನಿಜವಾದ ದಿನವೂ ಗಂಟೆ ನಮಗಾಗಿ ಕಾಯುವುದಿಲ್ಲ. ಎಲ್ಲ ಮುಗಿದ ಮೇಲೆ ಒಬ್ಬ ಟ್ರೈನರ್ ಜೊತೆ ಕೂತು ರೆಕಾರ್ಡಿಂಗ್ ನೋಡುವುದು ಇರುತ್ತದೆ. ಬೇಕಾದವರು ಸರ್ಕೀಟನ್ನು ಮತ್ತೆ ಮಾಡಬಹುದು, ನಾನು ಮಾಡಿದೆ.

ಮೊದಲ ಸ್ಟೇಷನ್‌ನಲ್ಲಿ ಒಬ್ಬ ಹಿರಿಯರು. ನಮಸ್ಕಾರ ಹೇಳಿದೆ. ತಲೆ ಆಡಿಸಲಿಲ್ಲ, ನಗಲಿಲ್ಲ. ಪ್ರಶ್ನೆ ತುಂಬಾ ಸುಲಭದ್ದು: ಡಾಕ್ಟರ್ ಯಾಕೆ ಆಗಬೇಕು, ನರ್ಸ್ ಅಥವಾ ಲ್ಯಾಬ್ ಕೆಲಸದಲ್ಲೇ ಯಾಕೆ ಮುಂದುವರಿಯಬಾರದು? ನಾನು ತಿಂಗಳುಗಟ್ಟಲೆ ಯೋಚಿಸಿದ್ದ ವಿಷಯ. ನಾಲ್ಕು ವಾಕ್ಯ ಹೇಳಿ ಅವರ ಮುಖ ನೋಡಿದೆ. ಏನೂ ಇಲ್ಲ. ಐದನೇ ವಾಕ್ಯ ನನ್ನ ಬಾಯಿಂದ ಬರಲೇ ಇಲ್ಲ. ಗಂಟಲು ಕಟ್ಟಿತು.

ಟ್ರೈನರ್ ಆಮೇಲೆ ವಿವರಿಸಿದರು, ಅದು ಬೇಕೆಂದೇ ಮಾಡಿದ್ದು. ಮನುಷ್ಯರಲ್ಲಿ ಒತ್ತಡ ಹುಟ್ಟಿಸಿ ಅಳೆಯುವುದಕ್ಕೆ ಸಂಶೋಧಕರು ಬಳಸುವ ಒಂದು ಹೆಸರಾಂತ ವಿಧಾನ ಇದೆ. ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದವರು 1993ರಲ್ಲಿ ಪ್ರಕಟಿಸಿದ್ದು. ಅದರಲ್ಲಿ ಶಾಕ್ ಕೊಡುವುದಿಲ್ಲ, ನೋವು ಮಾಡುವುದಿಲ್ಲ. ಕೆಲಸಕ್ಕೆ ಇಂಟರ್‌ವ್ಯೂ ಅಂತ ಹೇಳಿ ಕೆಲವರ ಎದುರು ಮಾತಾಡಿಸುತ್ತಾರೆ. ಕೂತವರು ಮುಖದಲ್ಲಿ ಯಾವ ಭಾವವನ್ನೂ ತೋರಿಸಬಾರದು. ಆಮೇಲೆ 1022ರಿಂದ 13 ಕಳೆಯುತ್ತಾ ಬಾಯಿಲೆಕ್ಕ ಮಾಡಿಸುತ್ತಾರೆ. ಇಷ್ಟಕ್ಕೇ ಹೆಚ್ಚಿನವರಲ್ಲಿ ಕಾರ್ಟಿಸಾಲ್ ಅನ್ನುವ ಒತ್ತಡದ ಹಾರ್ಮೋನ್ ಏರಿಬಿಡುತ್ತದೆ. ಅಂದರೆ ಏನೂ ಹೇಳದ ಒಂದು ಮುಖದ ಮುಂದೆ ಮಾತಾಡುವಾಗ ಎದೆ ಢವಢವ ಅನ್ನುವುದು ನನ್ನೊಬ್ಬಳ ದೌರ್ಬಲ್ಯವಲ್ಲ, ಪ್ರಯೋಗಾಲಯದಲ್ಲಿ ಅಳೆದು ನೋಡಿದ ಸಂಗತಿ. ಇದನ್ನು ಕೇಳಿದಾಗ ನನಗೆ ಎಷ್ಟು ನೆಮ್ಮದಿಯಾಯಿತು ಅಂತ ಹೇಳಲಾರೆ. ಇಷ್ಟು ವರ್ಷ ನನ್ನಲ್ಲೇ ಏನೋ ಕೊರತೆ ಇದೆ ಅಂದುಕೊಂಡಿದ್ದೆ.

ಪರೀಕ್ಷಕರು ನಗದೇ ಇರುವುದಕ್ಕೆ ಕಾರಣವೂ ಇದೆ. ಒಬ್ಬರಿಗೆ ನಕ್ಕು ಇನ್ನೊಬ್ಬರಿಗೆ ನಗದಿದ್ದರೆ ನ್ಯಾಯವಾಗುವುದಿಲ್ಲ ಅಂತ ಎಷ್ಟೋ ಕಡೆ ಅವರಿಗೆ ಮೊದಲೇ ಹೇಳಿರುತ್ತಾರೆ. ಹಾಗಾಗಿ ಆ ಮುಖದಿಂದ ನನ್ನ ಉತ್ತರದ ಬಗ್ಗೆ ಏನೂ ಊಹಿಸಲು ಬರುವುದಿಲ್ಲ. ಬುದ್ಧಿಗೆ ಇದು ಒಂದೇ ಸಲಕ್ಕೆ ತಿಳಿಯಿತು. ಮೈಗೆ ತಿಳಿಯಲು ಅಂಥ ಮುಖಗಳನ್ನು ಮತ್ತೆ ಮತ್ತೆ ನೋಡಬೇಕಾಯಿತು. ನನ್ನ ಮಟ್ಟಿಗೆ ಈ ಸೇವೆಯ ನಿಜವಾದ ಬೆಲೆ ಇರುವುದು ಇಲ್ಲಿ. ಕನ್ನಡಿ ಮುಂದೆ ಎಷ್ಟು ಅಭ್ಯಾಸ ಮಾಡಿದರೂ, ಮನೆಯವರನ್ನು ಕೂರಿಸಿಕೊಂಡು ಮಾಡಿದರೂ ಅದು ಬರುವುದಿಲ್ಲ. ಮನೆಯವರು ತಲೆ ಆಡಿಸಿಯೇ ಆಡಿಸುತ್ತಾರೆ. ಪ್ರೀತಿಯಿಂದ ನೋಡುತ್ತಾರೆ. ಗುರುತಿಲ್ಲದ ಮುಖವೇ ಬೇಕು.

ಎರಡನೇ ಸರ್ಕೀಟ್‌ನಲ್ಲೂ ಅಂಥ ಮುಖ ಬಂತು. ಎದೆ ಹೊಡೆದುಕೊಳ್ಳುವುದು ನಿಲ್ಲಲಿಲ್ಲ. ಆದರೆ ಐದನೇ ವಾಕ್ಯ ಬಂತು, ಆರನೆಯದೂ ಬಂತು. ನಡುಕ ಹೋದ ಮೇಲೆ ಮಾತಾಡೋಣ ಅಂತ ಕಾಯಬೇಕಾಗಿಲ್ಲ, ನಡುಕ ಇದ್ದಾಗಲೂ ಮಾತು ಮುಂದುವರಿಯುತ್ತದೆ ಅಂತ ಆಗ ಗೊತ್ತಾಯಿತು.

ಇನ್ನು ಸ್ಟೇಷನ್‌ಗಳ ನಡುವಿನ ಆ 2 ನಿಮಿಷ. ಇವರು ಅದಕ್ಕೆ ಕೊಡುವ ತರಬೇತಿ ಇಡೀ ಪ್ಯಾಕೇಜ್‌ನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಒಂದು ಕೋಣೆಯಲ್ಲಿ ಕೆಟ್ಟರೆ ಅದರ ಯೋಚನೆಯೇ ಮುಂದಿನ ಕೋಣೆಗೂ ಬರುತ್ತದೆ. ಛೇ, ಹಾಗೆ ಹೇಳಬಾರದಿತ್ತು, ಹೀಗೆ ಹೇಳಬೇಕಿತ್ತು ಅಂತ. ಅಷ್ಟರಲ್ಲಿ ಹೊಸ ಪ್ರಶ್ನೆ ಓದುವ ಸಮಯ ಮುಗಿದಿರುತ್ತದೆ. ಟ್ರೈನರ್ ಹೇಳಿದ್ದು ಇಷ್ಟೇ: "ಮುಂದಿನ ಕೋಣೆಯಲ್ಲಿ ಇರುವವರಿಗೆ ಹಿಂದಿನ ಕೋಣೆಯಲ್ಲಿ ಏನಾಯಿತು ಅಂತ ಗೊತ್ತೇ ಇಲ್ಲ. ಅವರ ಪಾಲಿಗೆ ನೀವು ಈಗ ತಾನೇ ಬಂದವರು." ನಾನು ಆಗಲೇ ಹೇಳಿದೆನಲ್ಲ, ಆ ಪದ್ಧತಿಯೊಳಗೇ ಇರುವ ಔಷಧಿ ಇದು. ಹಳೇ ತರಹದ ಒಂದೇ ಇಂಟರ್‌ವ್ಯೂನಲ್ಲಿ ಶುರುವಿನಲ್ಲೇ ತಡವರಿಸಿದರೆ ಅದೇ ಜನರ ಎದುರು ಕೊನೆಯವರೆಗೂ ಕೂರಬೇಕು. ಇಲ್ಲಿ ಬಾಗಿಲು ಮುಚ್ಚಿದರೆ ಆಯಿತು. ಒಂದು ಸ್ಟೇಷನ್ ಪೂರ್ತಿ ಹಾಳಾದರೂ ಉಳಿದವು ಹಾಗೇ ಇರುತ್ತವೆ.

ಲ್ಯಾಬ್‌ನಲ್ಲಿ ನನಗೆ ಇದು ಚೆನ್ನಾಗಿ ಗೊತ್ತಿರುವ ವಿಷಯ. ಒಬ್ಬರಿಗೆ ಮೊದಲ ಸಲ ನರ ಸಿಗದೆ ಎರಡನೇ ಸಲ ಚುಚ್ಚಬೇಕಾಗುತ್ತದೆ. ಅವರು ಬೇಜಾರು ಮಾಡಿಕೊಂಡು ಹೋಗುತ್ತಾರೆ. ಮುಂದಿನವರು ಬಂದು ಕೂರುತ್ತಾರೆ. ಅವರಿಗೆ ಹಿಂದಿನದ್ದು ಏನೂ ಗೊತ್ತಿಲ್ಲ, ಅವರಿಗೆ ಬೇಕಾಗಿರುವುದು ಸ್ಥಿರವಾದ ಕೈ. ಕೈಗವಸು ಬದಲಿಸುವಷ್ಟು ಹೊತ್ತಿನಲ್ಲಿ ನಾನು ಹಿಂದಿನದನ್ನು ಬಿಟ್ಟಿರಬೇಕು. ವರ್ಷಗಳಿಂದ ಮಾಡುತ್ತಿರುವುದು ಅದನ್ನೇ. ಇಂಟರ್‌ವ್ಯೂಗೂ ಇದನ್ನೇ ಬಳಸಬಹುದು ಅಂತ ಯಾರಾದರೂ ಹೇಳಬೇಕಾಗಿತ್ತು, ಅಷ್ಟೆ.

ಆ 2 ನಿಮಿಷಕ್ಕೆ ಇವರು ಒಂದು ಕ್ರಮ ಹೇಳಿಕೊಡುತ್ತಾರೆ. ಮೊದಲು ಉಸಿರು. ಎಳೆದುಕೊಂಡಿದ್ದಕ್ಕಿಂತ ಹೆಚ್ಚು ಹೊತ್ತು ನಿಧಾನವಾಗಿ ಹೊರಗೆ ಬಿಡಬೇಕು, ನಾಲ್ಕೈದು ಸಲ. ಉಸಿರು ಬಿಡುವಾಗ, ಮಿದುಳಿನಿಂದ ಹೃದಯಕ್ಕೆ ಬರುವ ವೇಗಸ್ ಅನ್ನುವ ನರದ ಮೂಲಕ ಹೃದಯದ ಬಡಿತ ಸ್ವಲ್ಪ ನಿಧಾನವಾಗುತ್ತದೆ, ಎಳೆದುಕೊಳ್ಳುವಾಗ ಸ್ವಲ್ಪ ಜಾಸ್ತಿಯಾಗುತ್ತದೆ. ಹೊರಬಿಡುವುದನ್ನು ಉದ್ದ ಮಾಡಿದರೆ ನಿಧಾನದ ಪಾಲು ಹೆಚ್ಚುತ್ತದೆ. ಹೆದರಿದವರಿಗೆ ನಾವು ಸಾಮಾನ್ಯವಾಗಿ ಜೋರಾಗಿ ಉಸಿರು ಎಳೆದುಕೊಳ್ಳಿ ಅನ್ನುತ್ತೇವೆ, ಅಲ್ವಾ? ಜೋರಾಗಿ, ಬೇಗ ಬೇಗ ಎಳೆದುಕೊಂಡರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ಸುತ್ತಿದ ಹಾಗಾಗುತ್ತದೆ, ಬೆರಳು ಜುಮುಜುಮು ಅನ್ನುತ್ತದೆ. ಭಯ ಇನ್ನೂ ಏರುತ್ತದೆ. ನಮ್ಮ ಲ್ಯಾಬ್‌ನಲ್ಲೂ ಈಗ ನಾನು "ನಿಧಾನವಾಗಿ ಊದಿ" ಅಂತಲೇ ಹೇಳುತ್ತೇನೆ.

ಆಮೇಲೆ ಎರಡೂ ಪಾದ ನೆಲಕ್ಕೆ ಊರಿ, ಪ್ರಶ್ನೆಯನ್ನು ಎರಡು ಸಲ ಓದಬೇಕು. ಮೊದಲ ಸಲ ಏನಿದೆ ಅಂತ. ಎರಡನೇ ಸಲ, ಇದರಲ್ಲಿ ಕಷ್ಟದಲ್ಲಿ ಇರುವ ಮನುಷ್ಯ ಯಾರು ಅಂತ. ಈ ಎರಡನೇ ಓದು ನನಗೆ ತುಂಬಾ ಕೆಲಸಕ್ಕೆ ಬಂತು. ಯಾಕೆಂದರೆ ಗಮನ ನನ್ನ ಎದೆಬಡಿತದಿಂದ ಹೊರಗೆ ಹೋಗುತ್ತದೆ.

ಇದಕ್ಕೆ ಒಂದು ಸ್ಟೇಷನ್ನಿನ ಉದಾಹರಣೆ ಕೊಡುತ್ತೇನೆ. ಅದು ಅಭಿನಯದ ಸ್ಟೇಷನ್. ಅಂದರೆ ಎದುರಿಗೆ ಒಬ್ಬ ನಟಿ, ಅವರ ಜೊತೆ ನಾನು ಮಾತಾಡಬೇಕು, ಪರೀಕ್ಷಕರು ಪಕ್ಕದಲ್ಲಿ ನೋಡುತ್ತಾರೆ. ಸನ್ನಿವೇಶ ಹೀಗಿತ್ತು: ಆ ಹೆಂಗಸಿನ ಪರೀಕ್ಷೆಯ ವರದಿ ಕಳೆದುಹೋಗಿದೆ, ಮತ್ತೆ ಮೊದಲಿಂದ ಪರೀಕ್ಷೆ ಮಾಡಿಸಬೇಕು, ಅದನ್ನು ನಾನು ಹೇಳಬೇಕು. ಅವರು ಸಿಟ್ಟಿನಲ್ಲಿದ್ದರು. ದನಿ ಏರಿಸಿದರು. ವಿಚಿತ್ರ ಅಂದರೆ ಅಷ್ಟೂ ಸ್ಟೇಷನ್‌ಗಳಲ್ಲಿ ನನ್ನ ಕೈ ಬೆಚ್ಚಗಿದ್ದದ್ದು ಅಲ್ಲಿ. ಸ್ಯಾಂಪಲ್‌ನಲ್ಲಿ ರಕ್ತಕಣ ಒಡೆದಿದೆ, ಇನ್ನೊಮ್ಮೆ ಕೊಡಬೇಕು ಅಂತ ಹೇಳುವುದು ನನ್ನ ಕೆಲಸದಲ್ಲಿ ಆಗಾಗ ಬರುವ ಸಂದರ್ಭ. ನಾನು ಅವರ ಸಿಟ್ಟಿಗೆ ಉತ್ತರ ಕೊಡಲು ಹೋಗಲಿಲ್ಲ. "ನಿಮಗೆ ಆಗಿರುವ ತೊಂದರೆಗೆ ಕ್ಷಮಿಸಿ. ಇವತ್ತು ಮತ್ತೆ ಬರಲು ನಿಮಗೆ ಕಷ್ಟ ಆಯಿತಾ?" ಅಂತ ಕೇಳಿದೆ. ಅವರ ಭುಜ ಸ್ವಲ್ಪ ಇಳಿಯಿತು. ಆಮೇಲೆ ಮಾತು ತಾನಾಗಿ ಹೋಯಿತು. ರೆಕಾರ್ಡಿಂಗ್ ನೋಡುವಾಗ ಟ್ರೈನರ್ ಅಲ್ಲಿ ನಿಲ್ಲಿಸಿ ಕೇಳಿದರು: "ಈ 7 ನಿಮಿಷದಲ್ಲಿ ನಿಮ್ಮ ಬಗ್ಗೆ ನೀವು ಎಷ್ಟು ಯೋಚಿಸಿದಿರಿ?" ಇಲ್ಲವೇ ಇಲ್ಲ ಅನ್ನಬಹುದು. "ಡಾಕ್ಟರ್ ಯಾಕೆ ಆಗಬೇಕು ಅನ್ನುವ ಪ್ರಶ್ನೆಯಲ್ಲೂ ಒಬ್ಬ ರೋಗಿಯನ್ನು ಕರೆದುಕೊಂಡು ಬನ್ನಿ" ಅಂದರು. ಅದಾದ ಮೇಲೆ ನಾನು ಆ ಪ್ರಶ್ನೆಗೆ ನನ್ನ ಬಗ್ಗೆ ಹೇಳುವುದರಿಂದ ಶುರು ಮಾಡುವುದನ್ನು ಬಿಟ್ಟೆ. ದಿನ ಬಿಟ್ಟು ದಿನ ರಕ್ತ ಕೊಡಲು ಬರುತ್ತಿದ್ದ, ವರದಿಯಲ್ಲಿ ಏನಿದೆ ಅಂತ ನನ್ನನ್ನೇ ಕೇಳುತ್ತಿದ್ದ ಒಬ್ಬ ತಾತನಿಂದ ಶುರು ಮಾಡಿದೆ. ಅವರಿಗೆ ಹೇಳಲು ನನಗೆ ಅಧಿಕಾರ ಇರಲಿಲ್ಲ. ಓದಿ ಅರ್ಥಮಾಡಿಕೊಂಡು ಹೇಳುವ ಜಾಗಕ್ಕೆ ಹೋಗಬೇಕು ಅನ್ನಿಸಿದ್ದು ಅವರಿಂದ. ಇದನ್ನು ಹೇಳುವಾಗ ದನಿ ನಡುಗುವುದಿಲ್ಲ. ನಡುಗಿದರೂ ಪರವಾಗಿಲ್ಲ.

ರೆಕಾರ್ಡಿಂಗ್ ನೋಡುವುದನ್ನು ದಯವಿಟ್ಟು ತಪ್ಪಿಸಬೇಡಿ. ನೋಡಲು ಭಯವಾಗುತ್ತದೆ, ನಿಜ. ನನ್ನ ನಡುಕ ಪರದೆ ತುಂಬ ಕಾಣುತ್ತದೆ ಅಂತ ನನಗೆ ಖಾತ್ರಿಯಿತ್ತು. ಒಳಗೆ ಅಷ್ಟು ಗಲಾಟೆ ಆಗಿತ್ತಲ್ಲ. ವಿಡಿಯೊದಲ್ಲಿ ಇದ್ದದ್ದು ಸ್ವಲ್ಪ ಬೇಗ ಮಾತಾಡುತ್ತಿರುವ ಒಬ್ಬ ಹುಡುಗಿ, ಅಷ್ಟೆ. ಗಂಟಲು ಕಟ್ಟಿದ ಆ ಮೌನ ನನಗೆ ಯುಗದಷ್ಟು ಉದ್ದ ಅನ್ನಿಸಿತ್ತು. ನೋಡಿದರೆ ಯೋಚಿಸುತ್ತಿದ್ದಾಳೆ ಅನ್ನಿಸುವಷ್ಟೇ ಇತ್ತು. ನಮ್ಮ ಒಳಗಿನ ಕಳವಳ ಹೊರಗಿನವರಿಗೆ ಪೂರ್ತಿ ಕಾಣುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ, ನಿಜವಾಗಿ ಅಷ್ಟು ಕಾಣುವುದಿಲ್ಲ. ಸವಿಟ್ಸ್‌ಕಿ ಮತ್ತು ಗಿಲೊವಿಚ್ ಅನ್ನುವ ಮನಶ್ಶಾಸ್ತ್ರಜ್ಞರು 2003ರಲ್ಲಿ ಇದನ್ನು ಭಾಷಣ ಮಾಡುವವರ ಮೇಲೆ ಪರೀಕ್ಷಿಸಿದರು. ನಿಮ್ಮ ಭಯ ನೀವು ಅಂದುಕೊಂಡಷ್ಟು ಕಾಣುವುದಿಲ್ಲ ಅಂತ ಮೊದಲೇ ತಿಳಿಸಿದ್ದವರು ಉಳಿದವರಿಗಿಂತ ಚೆನ್ನಾಗಿ ಮಾತಾಡಿದರು. ಕೇಳುಗರಿಗೂ ಹಾಗೇ ಅನ್ನಿಸಿತು. ಬರೀ ಆ ತಿಳಿವಳಿಕೆಯಿಂದಲೇ ಫರಕು ಬಂತು. ನನಗೆ ಓದಿದರೆ ನಂಬಿಕೆ ಬರುತ್ತಿರಲಿಲ್ಲ, ನನ್ನದೇ ವಿಡಿಯೊ ನೋಡಿದ ಮೇಲೆ ಬಂತು.

ತಲೆ ಖಾಲಿಯಾದಾಗ ಏನು ಮಾಡಬೇಕು ಅನ್ನುವುದಕ್ಕೂ ಒಳ್ಳೆಯ ಅಭ್ಯಾಸ ಮಾಡಿಸುತ್ತಾರೆ. "ಒಂದು ಕ್ಷಣ ಯೋಚಿಸಿ ಹೇಳುತ್ತೇನೆ" ಅಂತ ಜೋರಾಗಿ ಹೇಳಿ ನಿಜವಾಗಿಯೂ ನಿಲ್ಲಬೇಕು. ಕೇಳಲು ಸುಲಭ. ಮಾಡಲು ಧೈರ್ಯ ಬೇಕು. ರೋಗಿಯೊಬ್ಬರು ಜೀವ ಉಳಿಸುವ ಚಿಕಿತ್ಸೆಯನ್ನು ಬೇಡ ಅನ್ನುತ್ತಾರೆ, ನೀವು ಏನು ಮಾಡುತ್ತೀರಿ ಅಂತ ಒಂದು ಸ್ಟೇಷನ್ ಇತ್ತು. ಇಂಥ ಪ್ರಶ್ನೆಗೆ ಎಲ್ಲರೂ ನಾಲ್ಕು ತತ್ವ ಓದಿಕೊಂಡು ಬರುತ್ತಾರೆ: ರೋಗಿಯ ಸ್ವಂತ ನಿರ್ಧಾರಕ್ಕೆ ಗೌರವ, ಒಳಿತು ಮಾಡುವುದು, ಕೆಡುಕು ಮಾಡದಿರುವುದು, ನ್ಯಾಯ. ವೈದ್ಯಕೀಯ ನೀತಿಯ ಬಗ್ಗೆ ಬರೆದ ಬೋಶಾಂಪ್ ಮತ್ತು ಚಿಲ್ಡ್ರೆಸ್ 1979ರಲ್ಲಿ ಮುಂದಿಟ್ಟದ್ದು. ನನಗೂ ಗೊತ್ತಿತ್ತು. ಆದರೆ ಹೆದರಿದಾಗ ಆ ನಾಲ್ಕನ್ನೂ ಪಟಪಟ ಒಪ್ಪಿಸಿಬಿಡುತ್ತೇವೆ, ರೋಗಿ ಯಾಕೆ ಬೇಡ ಅಂದರು ಅಂತ ಕೇಳುವುದನ್ನೇ ಮರೆಯುತ್ತೇವೆ. ನಿಂತು ಯೋಚಿಸಿದರೆ ಮೊದಲು ಬರುವ ಮಾತು ಅದೇ: ಯಾಕೆ ಬೇಡ ಅಂತ ಅವರನ್ನು ಕೇಳುತ್ತೇನೆ, ಅವರಿಗೆ ಎಲ್ಲ ಅರ್ಥವಾಗಿದೆಯಾ ಅಂತ ನೋಡುತ್ತೇನೆ. ಆ ಒಂದು ನಿಲುಗಡೆಯಿಂದ ಉತ್ತರವೂ ಸುಧಾರಿಸುತ್ತದೆ, ಉಸಿರೂ ಸುಧಾರಿಸುತ್ತದೆ.

ಇನ್ನೊಂದು ಸಣ್ಣ ವಿಷಯ. ನರ್ವಸ್ ಆದಾಗ ಶಾಂತವಾಗಿರು, ಶಾಂತವಾಗಿರು ಅಂತ ತನಗೆ ತಾನೇ ಹೇಳಿಕೊಳ್ಳುವುದನ್ನು ಇವರು ಬಿಡಿಸುತ್ತಾರೆ. ಬದಲಿಗೆ ನನಗೆ ಹುರುಪು ಬಂದಿದೆ ಅಂತ ಬಾಯಿಬಿಟ್ಟು ಹೇಳಿಕೊಳ್ಳಿ ಅನ್ನುತ್ತಾರೆ. ಅಲಿಸನ್ ವುಡ್ ಬ್ರೂಕ್ಸ್ ಅನ್ನುವ ಸಂಶೋಧಕಿ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದಕ್ಕೆ ಆಧಾರ. ಹಾಡುವುದು, ಭಾಷಣ, ಲೆಕ್ಕ, ಮೂರರಲ್ಲೂ ಹುರುಪು ಅಂದುಕೊಂಡವರು ಶಾಂತ ಅಂದುಕೊಂಡವರಿಗಿಂತ ಚೆನ್ನಾಗಿ ಮಾಡಿದ್ದರು. ಎದೆಬಡಿತ ಹೆದರಿಕೆಗೂ ಹುರುಪಿಗೂ ಒಂದೇ, ಹಾಗಾಗಿ ಹೆದರಿಕೆಯಿಂದ ಹುರುಪಿಗೆ ದಾಟುವುದು ಸುಲಭ ಅನ್ನುವುದು ಇದರ ಹಿಂದಿನ ಮಾತು. ನನಗೆ ಇದು ಅರ್ಧ ಕೆಲಸ ಮಾಡಿತು. ಬಾಗಿಲ ಹೊರಗೆ ನಿಂತಾಗ ಮಾಡಿತು, ಹಿಂದಿನ ರಾತ್ರಿ ಹಾಸಿಗೆಯಲ್ಲಿ ಮಾಡಲಿಲ್ಲ. ಆದರೆ ಶಾಂತವಾಗಿರು ಅನ್ನುವುದನ್ನು ಬಿಡಬೇಕು ಅನ್ನುವ ಮೊದಲ ಭಾಗವನ್ನು ಪೂರ್ತಿ ಒಪ್ಪುತ್ತೇನೆ. ನನ್ನ ಕುರ್ಚಿಯಲ್ಲಿ ಕೂತವರಲ್ಲಿ "ಹೆದರಬೇಡಿ" ಅಂದ ಮಾತ್ರಕ್ಕೆ ಹೆದರಿಕೆ ಬಿಟ್ಟವರನ್ನು ನಾನು ನೋಡಿಲ್ಲ. ಏನು ಮಾಡುತ್ತಿದ್ದೇನೆ, ಎಷ್ಟು ಹೊತ್ತು ಆಗುತ್ತದೆ ಅಂತ ಹೇಳಿದರೆ ಬಿಡುತ್ತಾರೆ.

ಈಗ ಆ ಕಡಿಮೆಯಾದ ನಕ್ಷತ್ರದ ವಿಷಯ.

ಪ್ಯಾಕೇಜ್ ಜೊತೆ ಒಂದು ಉತ್ತರಗಳ ಭಂಡಾರ ಬರುತ್ತದೆ. ನೂರಾರು ಪ್ರಶ್ನೆ, ಪ್ರತಿಯೊಂದಕ್ಕೂ ಮಾದರಿ ಉತ್ತರ. ಎಲ್ಲ ನುಣ್ಣಗೆ ಇದೆ, ಯಾರ ಬದುಕೂ ಅದರಲ್ಲಿ ಇಲ್ಲ. ಅದನ್ನು ಓದಿದಷ್ಟೂ ನನ್ನ ಉತ್ತರ ಸಣ್ಣದು ಅನ್ನಿಸತೊಡಗಿತು. ಬಾಯಿಪಾಠ ಮಾಡಿದ ಉತ್ತರ ನಡುಕವನ್ನು ಹೆಚ್ಚಿಸುತ್ತದೆ, ಯಾಕೆಂದರೆ ಮುಂದಿನ ವಾಕ್ಯ ಮರೆತರೆ ಅನ್ನುವ ಹೊಸ ಭಯ ಸೇರಿಕೊಳ್ಳುತ್ತದೆ. ನನ್ನ ಜೀವನದಲ್ಲಿ ಆದದ್ದನ್ನು ಹೇಳುವಾಗ ಮರೆಯುವುದಕ್ಕೆ ವಾಕ್ಯವೇ ಇರುವುದಿಲ್ಲ. ಟ್ರೈನರ್ ಕೂಡ ಅದನ್ನು ತೆರೆಯಬೇಡಿ ಅಂತಲೇ ಹೇಳಿದರು. ಹಾಗಾದರೆ ಕೊಡುವುದು ಯಾಕೆ?

ಅದಕ್ಕಿಂತ ಕೆಟ್ಟದ್ದು ಅಂಕಪಟ್ಟಿ. ಸರ್ಕೀಟ್ ಮುಗಿದ ದಿನ ರಾತ್ರಿ ಹೊತ್ತಿನಲ್ಲಿ ಮೊಬೈಲ್‌ಗೆ ಬರುತ್ತದೆ. ಪ್ರತಿ ಸ್ಟೇಷನ್‌ಗೆ ಅಂಕ, ಜೊತೆಗೆ ಬೇರೆ ಅಭ್ಯರ್ಥಿಗಳ ನಡುವೆ ನಿಮ್ಮ ಸ್ಥಾನ. ಪಕ್ಕದಲ್ಲಿ ಇಂಟರ್‌ವ್ಯೂಗೆ ಇನ್ನೆಷ್ಟು ದಿನ ಉಳಿದಿದೆ ಅಂತ ಕೆಂಪು ಅಕ್ಷರ. ನಿದ್ದೆ ಬರಬೇಕಾದ ಹೊತ್ತಿನಲ್ಲಿ ಇದನ್ನು ಕಳಿಸುವುದು ತಪ್ಪು. ಇವರ ಹತ್ತಿರ ಬರುವವರು ಆಗಲೇ ಹೆದರಿಕೊಂಡಿರುವವರು. ಅಂಕ ಬೇಕಾದರೆ ಮರುದಿನ ಟ್ರೈನರ್ ಜೊತೆ ಕೂತಾಗ ತೋರಿಸಲಿ. ಏನು ಸರಿ ಮಾಡಬಹುದು ಅನ್ನುವುದೂ ಆಗ ಜೊತೆಯಲ್ಲೇ ತಿಳಿಯುತ್ತದೆ. ನಾನು ಬರೆದು ತಿಳಿಸಿದ್ದೇನೆ. ನೋಡುತ್ತೇವೆ ಅಂತ ಉತ್ತರ ಬಂದಿದೆ.

ಇನ್ನು ಆತ್ಮವಿಶ್ವಾಸದ ಬಗ್ಗೆ ಒಂದು ವಿಡಿಯೊ ಕೊಡುತ್ತಾರೆ. ಸೊಂಟದ ಮೇಲೆ ಕೈ ಇಟ್ಟು, ಕಾಲು ಅಗಲಿಸಿ ಎರಡು ನಿಮಿಷ ನಿಂತರೆ ಹಾರ್ಮೋನ್‌ಗಳೇ ಬದಲಾಗುತ್ತವೆ ಅಂತ ಅದರಲ್ಲಿ ಹೇಳುತ್ತಾರೆ. ಆ ಮಾತು ಬಂದದ್ದು 2010ರ ಒಂದು ಸಣ್ಣ ಅಧ್ಯಯನದಿಂದ. 2015ರಲ್ಲಿ ಇನ್ನೂ ಹೆಚ್ಚು ಜನರ ಮೇಲೆ ಮತ್ತೆ ಮಾಡಿ ನೋಡಿದಾಗ ಹಾರ್ಮೋನ್‌ನಲ್ಲಿ ಬದಲಾವಣೆ ಕಾಣಲಿಲ್ಲ. ಹಾಗೆ ನಿಂತರೆ ಸ್ವಲ್ಪ ಗಟ್ಟಿ ಅನ್ನಿಸಬಹುದು, ಅನ್ನಿಸಿದರೆ ನಿಲ್ಲಿ. ಆದರೆ ಡಾಕ್ಟರ್ ಆಗಲು ಹೊರಟವರಿಗೆ ಹಳೆಯ ಮಾತನ್ನೇ ಖಚಿತ ವಿಜ್ಞಾನ ಅಂತ ಕಲಿಸಬಾರದು.

ಒಂದು ವಿಷಯವನ್ನು ಮಾತ್ರ ಗಂಭೀರವಾಗಿ ಹೇಳಬೇಕು. ಇವರ ಅಭ್ಯರ್ಥಿಗಳ ಗುಂಪಿನಲ್ಲಿ ಒಬ್ಬರು ಪ್ರೊಪ್ರನಲಾಲ್ ಮಾತ್ರೆ ತಗೊಳ್ಳಿ, ಕೈ ನಡುಗುವುದಿಲ್ಲ ಅಂತ ಬರೆದಿದ್ದರು. ಹಲವರು ಎಷ್ಟು ತಗೊಳ್ಳಬೇಕು ಅಂತ ಕೇಳಿದ್ದರು. ಗುಂಪು ನೋಡಿಕೊಳ್ಳುವವರು ಅದನ್ನು ತೆಗೆಯಲು ತುಂಬಾ ಹೊತ್ತು ಮಾಡಿದರು. ಅದು ಹೃದಯದ ಮೇಲೆ ಕೆಲಸ ಮಾಡುವ ಔಷಧಿ. ಎದೆಬಡಿತ ಮತ್ತು ನಡುಕ ಇಳಿಸುತ್ತದೆ, ನಿಜ. ಆದರೆ ಅಸ್ತಮಾ ಇರುವವರಿಗೆ ಅಪಾಯ. ಕೆಲವರಿಗೆ ಬಿಪಿ ತುಂಬಾ ಇಳಿಯಬಹುದು. ಯಾರಿಗೆ ಬೇಕು, ಯಾರಿಗೆ ಬೇಡ ಅಂತ ಹೇಳುವುದು ಡಾಕ್ಟರ್ ಕೆಲಸ. ಗುರುತಿಲ್ಲದವರ ಮಾತು ಕೇಳಿ ಮೊದಲ ಸಲ ಇಂಟರ್‌ವ್ಯೂ ದಿನವೇ ಒಂದು ಮಾತ್ರೆ ನುಂಗಬೇಡಿ. ಭಯದಿಂದ ದಿನನಿತ್ಯದ ಕೆಲಸವೇ ನಿಂತುಹೋಗುತ್ತಿದ್ದರೆ, ಪ್ಯಾನಿಕ್ ಅಟ್ಯಾಕ್ ಆಗುತ್ತಿದ್ದರೆ ಯಾವ ಮಾಕ್ ಇಂಟರ್‌ವ್ಯೂ ಕೂಡ ಸಾಲುವುದಿಲ್ಲ. ನೇರವಾಗಿ ಡಾಕ್ಟರ್ ಅಥವಾ ಕೌನ್ಸೆಲರ್ ಹತ್ತಿರ ಹೋಗಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಇಂಟರ್‌ವ್ಯೂ ದಿನದ ಬಗ್ಗೆ ಇವರು ಕೊಡುವ ಪಟ್ಟಿ ಪರವಾಗಿಲ್ಲ. ಕಾಫಿ ಜಾಸ್ತಿ ಬೇಡ, ಅದರಲ್ಲಿರುವ ಕೆಫೀನ್ ಮೈಯಲ್ಲಿ ಅರ್ಧ ಇಳಿಯಲೇ ಸುಮಾರು 5 ಗಂಟೆ ಬೇಕು. ವಿಡಿಯೊ ಇಂಟರ್‌ವ್ಯೂ ಆದರೆ ಹಿಂದಿನ ದಿನವೇ ಕ್ಯಾಮೆರಾ, ಮೈಕ್ ನೋಡಿಕೊಳ್ಳಿ. ಎಲ್ಲರಿಗೂ ಗೊತ್ತಿರುವುದೇ. ನಾನು ಸೇರಿಸುವುದು ಒಂದು: ಕಾಯುವ ಕೋಣೆಯಲ್ಲಿ ಕೈ ಬೆಚ್ಚಗೆ ಇಟ್ಟುಕೊಳ್ಳಿ. ಬಿಸಿನೀರಿನಲ್ಲಿ ಕೈ ತೊಳೆದು ಒರೆಸಿಕೊಳ್ಳಿ. ಭಯ ಹೋಗುತ್ತದೆ ಅಂತಲ್ಲ. ತಣ್ಣನೆಯ ಬೆರಳು ನನಗೆ ಮತ್ತೆ ಮತ್ತೆ ಭಯವನ್ನು ನೆನಪಿಸುತ್ತಿತ್ತು, ಅದು ನಿಂತಿತು.

ನಿಜವಾದ ಇಂಟರ್‌ವ್ಯೂ ಮುಗಿದಿದೆ. ಫಲಿತಾಂಶ ಇನ್ನೂ ಬಂದಿಲ್ಲ. ಬರುವ ಮುಂಚೆಯೇ ಬರೆಯುತ್ತಿದ್ದೇನೆ, ಯಾಕೆಂದರೆ ಸೀಟು ಸಿಕ್ಕಿದ ಖುಷಿಯಲ್ಲೋ ಸಿಗದ ಬೇಸರದಲ್ಲೋ ಬರೆದರೆ ವಿಮರ್ಶೆ ವಾಲುತ್ತದೆ. ಆ ದಿನವೂ ನಡುಕ ಬಂತು. ಮೊದಲ ಬಾಗಿಲ ಮುಂದೆ ಬಾಯಿ ಒಣಗಿತ್ತು. ಒಳಗೆ ಇದ್ದವರು ನಗಲಿಲ್ಲ. ಆ ಮುಖ ನನಗೆ ಪರಿಚಯದ ಮುಖ ಅನ್ನಿಸಿತು. ನಡುವಿನ ಒಂದು ಸ್ಟೇಷನ್‌ನಲ್ಲಿ ಚಾರ್ಟ್ ಓದಿ ಹೇಳುವುದಿತ್ತು, ಸರಿಯಾಗಿ ಆಗಲಿಲ್ಲ. ಹೊರಗೆ ಬಂದು ಉಸಿರು ಬಿಟ್ಟೆ, ಮುಂದಿನ ಪ್ರಶ್ನೆಯನ್ನು ಎರಡು ಸಲ ಓದಿದೆ. ಅಲ್ಲಿ ಕಷ್ಟದಲ್ಲಿ ಇದ್ದದ್ದು ಓದು ಬಿಡಬೇಕು ಅಂದುಕೊಂಡಿರುವ ಒಬ್ಬ ಗೆಳೆಯ. ಒಳಗೆ ಹೋಗಿ ಅವನ ಜೊತೆ ಮಾತಾಡಿದೆ.

ತಗೊಳ್ಳುವವರಿಗೆ ಕೆಲವು ಸೂಚನೆ. ನಿಮ್ಮ ಕಾಲೇಜಿನಲ್ಲಿ ಎಂಎಂಐ ಇಲ್ಲ, ಎರಡು ಮೂರು ಜನ ಸಾಲಾಗಿ ಕೂತು ಕೇಳುವ ಪ್ಯಾನೆಲ್ ಇಂಟರ್‌ವ್ಯೂ ಅಂತಾದರೆ ಈ ಸರ್ಕೀಟ್ ಅಷ್ಟು ಹೊಂದುವುದಿಲ್ಲ. ಅವರ ಪ್ಯಾನೆಲ್ ಅಭ್ಯಾಸ ಕೇಳಿ, ಆದರೆ ಅದನ್ನು ಮಾಡಿದ ನನ್ನ ಗೆಳತಿಗೆ ಅಷ್ಟು ಹಿಡಿಸಲಿಲ್ಲ, ಇಬ್ಬರೇ ಕೂತಿದ್ದರಂತೆ, ಇಬ್ಬರೂ ತುಂಬಾ ಮೃದುವಂತೆ. ಸರ್ಕೀಟ್ ಆದರೆ ಕೊನೆಯದನ್ನು ಇಂಟರ್‌ವ್ಯೂಗೆ ಕೆಲವು ದಿನ ಮೊದಲೇ ಮುಗಿಸಿಕೊಳ್ಳಿ, ಹಿಂದಿನ ದಿನಕ್ಕೆ ಇಟ್ಟುಕೊಳ್ಳಬೇಡಿ. ಸೆಟ್ಟಿಂಗ್ಸ್‌ಗೆ ಹೋಗಿ ಅಂಕಪಟ್ಟಿಯ ನೋಟಿಫಿಕೇಷನ್ ಆಫ್ ಮಾಡಿ. ಬುಕ್ ಮಾಡುವಾಗ ಕೊನೆಯಲ್ಲಿ ಏನಾದರೂ ಬರೆಯಲು ಒಂದು ಖಾಲಿ ಜಾಗ ಇರುತ್ತದೆ, ಹೆಚ್ಚಿನವರು ಅದನ್ನು ಬಿಟ್ಟುಬಿಡುತ್ತಾರೆ. ಅಲ್ಲಿ ನಿಮಗೆ ಯಾವಾಗ ನಡುಕ ಬರುತ್ತದೆ ಅಂತ ಬರೆಯಿರಿ. ನಗದ ಮುಖಕ್ಕೋ, ನಡುವೆ ಬಾಯಿ ಹಾಕುವವರಿಗೋ, ಉತ್ತರ ಗೊತ್ತಿಲ್ಲದ ಪ್ರಶ್ನೆಗೋ. ಅವರು ಅದನ್ನು ಓದುತ್ತಾರೆ, ಅಂಥ ಸ್ಟೇಷನ್ನನ್ನೇ ಮೊದಲು ಇಡುತ್ತಾರೆ.